ಕೂಗದೆ ಉಳಿದ ಹೆಸರು

ಮಗಳು ಕೈ ಚಾಚಿದಾಗ ತಾನು ಹಿಂದೆ ಸರಿದದ್ದು ನಿಜವೋ, ಸರಿಯಬೇಕೆಂದು ಅನ್ನಿಸಿದ್ದು ಮಾತ್ರವೋ ಎಂಬುದು ಊರ ಚೌಕ ಮುಟ್ಟುವವರೆಗೂ ಫಿಲೇರಸನಿಗೆ ಬಗೆಹರಿಯಲಿಲ್ಲ. ಚೌಕ ಮುಟ್ಟಿದ ಮೇಲೆ ಬಗೆಹರಿಯಿತು. ಸರಿದಿದ್ದ. ಜ್ವರದಲ್ಲಿ ಬೆವೆತ ಪುಟ್ಟ ಕೈ, ಬೆಳಿಗ್ಗೆ ಕುಡಿಸಿದ ಜೇನುನೀರು ಬೆರಳಿಗೆ ಇನ್ನೂ ಅಂಟಿಕೊಂಡಿತ್ತು. ಅವನ ಮೈಮೇಲೆ ಹಾಲಿನಂಥ ಬಿಳಿ ಟೋಗಾ, ಅದರ ಉದ್ದಕ್ಕೂ ನೇರಳೆ ಅಂಚು. "ಅಂಚು ಮುಟ್ತೀನಪ್ಪಾ, ಒಂದೇ ಒಂದ್ಸಲ" ಎಂದಿದ್ದಳು. "ಬಂದ್ಮೇಲೆ ಮುಟ್ಟುವೆಯಂತೆ, ಈಗ ಮಲಗಮ್ಮ" ಎನ್ನುತ್ತ ಅವನು ಬಟ್ಟೆಯನ್ನು ಮೊಣಕಾಲಿನ ಹತ್ತಿರ ಎತ್ತಿ ಹಿಡಿದು ಹಿಂದಕ್ಕೆ ಸರಿದ, ಕೆಸರು ದಾಟುವವರು ಸರಿಯುತ್ತಾರಲ್ಲ, ಹಾಗೆ. ಹೆಂಡತಿ ಹೆಲ್ಪಿಸ್ ಅದನ್ನು ನೋಡಿದಳು. ಹೆಗಲ ಮೇಲಿನ ಮಡಿಕೆ ಸರಿಮಾಡುವ ನೆಪದಲ್ಲಿ ಅವನ ತೋಳು ಒತ್ತಿ, "ಬೇಗ ಬನ್ನಿ. ನನಗ್ಯಾಕೋ ಇವತ್ತು ಜ್ವರ ಬಿಡೋ ಹಾಗೆ ಕಾಣ್ತಿಲ್ಲ" ಎಂದಳು. ಇವತ್ತು ಜ್ವರ ಬಿಡುವ ದಿನ ಕಣೇ, ಜೌಗಿನ ಜ್ವರ ದಿನ ಬಿಟ್ಟು ದಿನ ಬರೋದು, ನಿನ್ನೆ ಬಂದಿತ್ತು, ಇವತ್ತು ಬಿಡುತ್ತೆ, ಎಂದು ಅವನೇ ಅವಳಿಗೆ ಲೆಕ್ಕ ಒಪ್ಪಿಸಿದ್ದ. ಒಪ್ಪಿಸುವಾಗ ಹುಡುಗಿಯ ಹಣೆ ಮುಟ್ಟಿ ನೋಡಲಿಲ್ಲ. ಮುಟ್ಟಿದರೆ ಸುಡುತ್ತದೆಂದು ಅವನಿಗೆ ಗೊತ್ತಿತ್ತು.

ತೆರ್ರಾಚೀನ ಊರಿನ ಬಿಳಿ ಬಂಡೆಯ ಕೆಳಗೆ, ಸಮುದ್ರಕ್ಕೆ ಮುಖಮಾಡಿದ್ದ ಚೌಕದಲ್ಲಿ ಆಗಲೇ ಜನ ಸೇರಿದ್ದರು. ಎಲ್ಲರೂ ಬಿಳಿ ಉಟ್ಟಿದ್ದರು. ಬಲಿಪೀಠದ ಸುತ್ತ ಹೂಮಾಲೆ ಸುತ್ತಿತ್ತು. ಗುಲಾಮನಾಗಿ ಹುಟ್ಟಿ ಆಮೇಲೆ ಬಿಡುಗಡೆ ಹೊಂದಿದವನಿಗೆ ಆ ಊರಿನಲ್ಲಿ ಏರಲು ಇದ್ದದ್ದು ಒಂದೇ ಮೆಟ್ಟಿಲು: ಚಕ್ರವರ್ತಿಯ ಹೆಸರಿನ ಈ ಬಲಿಪೀಠಕ್ಕೆ ವರ್ಷದ ಪೂಜಾರಿಯಾಗುವುದು. ಊರ ಸಭೆಯಲ್ಲಿ ಕೂರುವ ಹಾಗಿಲ್ಲ, ನ್ಯಾಯದ ಕಟ್ಟೆ ಹತ್ತುವ ಹಾಗಿಲ್ಲ. ಎಷ್ಟೇ ಹಡಗು ಕಟ್ಟಿಸು, ಎಷ್ಟೇ ಎಣ್ಣೆ ಮಾರು, ಹುಟ್ಟಿನ ಕಲೆ ಹೋಗುವುದಿಲ್ಲ. ಆದರೆ ಬಲಿ ಕೊಡುವ ದಿನ ಮಾತ್ರ ನೇರಳೆ ಅಂಚಿನ ಟೋಗಾ ಉಡಬಹುದು, ಎದುರಿಗೆ ದಂಡ ಹಿಡಿದವರು ನಡೆಯುತ್ತಾರೆ, ದೊಡ್ಡವರೂ ದಾರಿ ಬಿಡುತ್ತಾರೆ. ಇದು ಅವನ ಮೊದಲ ಬಲಿ. ಇದು ಸರಿಯಾಗಿ ನಡೆದರೆ ಮಗಳಿಗೆ ಸ್ವತಂತ್ರನಾಗಿ ಹುಟ್ಟಿದವನೊಬ್ಬ ಗಂಡ ಸಿಕ್ಕಾನು, ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಸಭೆಯಲ್ಲಿ ಕೂತಾನು. ಅವಳಿಗಾಗಿಯೇ ಇದೆಲ್ಲ ಎಂದು ಅವನು ಹೇಳಿಕೊಂಡ. ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ.

"ಏನೋ ಫಿಲೇರಸ್, ನೀನು ಟೋಗಾ ಉಟ್ಟಿದೀಯೋ, ಟೋಗಾ ನಿನ್ನ ಉಟ್ಟಿದೆಯೋ?"

ಮಾಕೆರ್. ಹಳೆಯ ಯಜಮಾನರ ಮಗ. ಫಿಲೇರಸನಿಗಿಂತ ಚಿಕ್ಕವನು, ಇವನ ಹೆಗಲ ಮೇಲೆ ಕೂತು ಸಮುದ್ರ ನೋಡಿ ಬೆಳೆದವನು. ಈಗ ಊರ ಸಭೆಯ ಸದಸ್ಯ, ಮುಂದಿನ ಸಾಲಿನಲ್ಲಿ ನಿಂತಿದ್ದ. ಬಿಡುಗಡೆ ಕೊಟ್ಟ ಮನೆತನದ ಹೆಸರನ್ನೇ ಬಿಡುಗಡೆ ಪಡೆದವನು ಹೊರಬೇಕು, ಆದ್ದರಿಂದ ಒಫಿಲ್ಲಿಯುಸ್ ಎಂಬ ಮನೆತನದ ಹೆಸರು ಇಬ್ಬರಿಗೂ ಒಂದೇ. ಆದರೆ ಮಾಕೆರನಿಗೆ ಅದು ಚರ್ಮದ ಹಾಗೆ, ಫಿಲೇರಸನಿಗೆ ಈ ಟೋಗಾದ ಹಾಗೆ.

"ಎಲ್ಲಾ ನಿಮ್ಮ ದಯೆ, ಧಣಿ."

"ನಿನ್ನ ಮನೇಲಿದ್ದ ಆ ಬಾಯಿಬಡುಕಿ ಹಕ್ಕಿ ಹೇಗಿದೆ? ಅಮ್ಮ ಕೊನೇವರೆಗೂ ಅದನ್ನೇ ನೆನೆಸ್ಕೋತಿದ್ರು."

"ಒಫಿಲ್ಲಿಯಾ ಚೆನ್ನಾಗಿದಾಳೆ, ಧಣಿ."

"ಯಾರು?" ಮಾಕೆರ್ ನಿಜವಾಗಿಯೂ ಒಂದು ಕ್ಷಣ ಹುಡುಕಿದ. ಆಮೇಲೆ ನಕ್ಕ. "ಓಹೋ, ಪೀಕನಾ! ಹಾಗೆ ಹೇಳು ಮತ್ತೆ."

ಸುತ್ತಲಿದ್ದ ಒಂದಿಬ್ಬರು ನಕ್ಕರು. ಕೆಟ್ಟ ನಗು ಅಲ್ಲ, ಅದೇ ಸಂಕಟ. ಬಲಿಪೀಠದ ಮುಂದೆ ಕಾಯಿಲೆಯ ಮಾತು ಆಡಬಾರದು, ಅಪಶಕುನ. ಅದಕ್ಕೇ ಚೆನ್ನಾಗಿದ್ದಾಳೆ ಎಂದೆ, ಎಂದು ಫಿಲೇರಸ್ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಆದರೆ ಕಿವಿಯೊಳಗೆ ಆ ಹೆಸರು ಉಳಿಯಿತು. ಪೀಕ. ಹಾಳು ಹೆಸರು. ಯಜಮಾನಿತಿ ಸಾಕಿದ್ದ, ಇಡೀ ದಿನ ಕಿಚಪಿಚ ಎನ್ನುತ್ತಿದ್ದ ಕಪ್ಪುಬಿಳಿ ಹಕ್ಕಿಯೊಂದು ಪಂಜರದಲ್ಲೇ ಸತ್ತ ವಾರ ಹೆಲ್ಪಿಸ್ ಹೆತ್ತಳು. ಯಜಮಾನಿತಿ ಕೂಸನ್ನು ಎತ್ತಿಕೊಂಡು, ಅದು ಕಿರುಚಿದ್ದಕ್ಕೆ ಖುಷಿಪಟ್ಟು, "ನೋಡ್ರೇ, ನನ್ನ ಪೀಕ ವಾಪಸ್ ಬಂತು" ಎಂದು ಸತ್ತ ಹಕ್ಕಿಯ ಹೆಸರನ್ನೇ ಇಟ್ಟುಬಿಟ್ಟಳು. ಗುಲಾಮರ ಕೂಸಿಗೆ ಹೆಸರಿಡಲು ಅಪ್ಪನನ್ನು ಯಾರು ಕೇಳುತ್ತಾರೆ? ಅವನು ಬಾಗಿಲ ಬಳಿ ದೀಪದ ಎಣ್ಣೆ ಹಿಡಿದು ನಿಂತಿದ್ದ. ಎಲ್ಲರ ಜೊತೆ ತಾನೂ ನಕ್ಕಿದ್ದ.

ಬಿಡುಗಡೆಯಾದ ದಿನ ಅವನು ಮಾಡಿದ ಮೊದಲ ಕೆಲಸ ಆ ಹೆಸರನ್ನು ಮನೆಯಿಂದ ಹೊರಗೆ ಹಾಕಿದ್ದು. ಇನ್ನು ಮೇಲೆ ಇವಳು, ಮನೆತನದ ಹೆಸರಿನಲ್ಲೇ, ಒಫಿಲ್ಲಿಯಾ. ಪೀಕ ಅಂತ ಯಾರಾದರೂ ಅಂದೀರಿ ಜೋಕೆ. ಹೆಲ್ಪಿಸ್‌ಗೆ ಅರ್ಥವಾಗಲಿಲ್ಲ ಎಂದಲ್ಲ. "ಅವಳು ಇಟ್ಟದ್ದು ಹಕ್ಕಿ ಹೆಸರೇ ಇರಬಹುದು, ನಾನು ಎದೆಗೆ ಹಾಕ್ಕೊಂಡು ಕರೆದದ್ದು ನನ್ನ ಮಗೂನ ಅಲ್ವಾ?" ಎಂದಿದ್ದಳು. ಮಗಳಂತೂ ಸುತರಾಂ ಒಪ್ಪಲಿಲ್ಲ. ಒಫಿಲ್ಲಿಯಾ ಎಂದು ಅವನು ಕರೆದರೆ ಎಣ್ಣೆಯ ದೊಡ್ಡ ಜಾಡಿಯ ಹಿಂದಿನಿಂದ, "ಒಫಿಲ್ಲಿಯಾ ಮನೇಲಿಲ್ಲ!" ಎಂದು ಕೂಗುತ್ತಿದ್ದಳು. "ಸರಿಯಾದ ಹೆಸರು ಹಿಡಿದು ಕರೀರಿ, ಬರ್ತಾಳೆ" ಎಂದು ಹೆಲ್ಪಿಸ್ ಒಲೆಯ ಮುಂದಿನಿಂದಲೇ ನಗುತ್ತಿದ್ದಳು. ಅವನಿಗೂ ನಗು ಬರುತ್ತಿತ್ತು, ತೋರಿಸುತ್ತಿರಲಿಲ್ಲ. ಆಮೇಲೊಂದು ದಿನ ಹಡಗಿನ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ಒಬ್ಬರು ಹುಡುಗಿಯ ಗಲ್ಲ ಹಿಡಿದು, ಏನಮ್ಮ ನಿನ್ನ ಹೆಸರು ಎಂದು ಕೇಳಿದರು. "ಪೀಕ" ಎಂದಳು, ಗಟ್ಟಿಯಾಗಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೇ. ಅತಿಥಿಗಳು ಹೋದ ಮೇಲೆ ಅವನು ಅವಳಿಗೆ ಹೊಡೆದ. ಕೆನ್ನೆಯ ಮೇಲೆ ಬೆರಳು ಮೂಡಿದವು. ಅಂದಿನಿಂದ ಒಫಿಲ್ಲಿಯಾ ಎಂದರೆ ಬರುತ್ತಿದ್ದಳು, ಬಂದು ಎದುರಿಗೆ ನಿಲ್ಲುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಓಗೊಡುತ್ತಿರಲಿಲ್ಲ. ಒಂದೇ ಒಂದು ದಿನವೂ ಆ ಹೆಸರಿಗೆ "ಓ" ಎನ್ನಲಿಲ್ಲ. ಅಮ್ಮ ಹಿತ್ತಲಲ್ಲಿ ಕದ್ದು ಪೀಕ ಎಂದು ಕರೆದಾಗ ಮಾತ್ರ "ಓ ಅಮ್ಮಾ" ಎನ್ನುವುದು ಅಂಗಡಿಯಲ್ಲಿ ಕೂತ ಅವನಿಗೆ ಕೇಳಿಸುತ್ತಿತ್ತು. ಕೇಳಿಸದವನ ಹಾಗೆ ಇರುತ್ತಿದ್ದ.

ಸಾರುವವನು ಕೂಗಿದ: "ನಾಲಿಗೆ ಬಿಗಿ ಹಿಡೀರಿ! ಕೆಟ್ಟ ಮಾತು ಯಾರ ಬಾಯಿಂದಲೂ ಬರಬಾರದು!" ಚೌಕ ಮೌನವಾಯಿತು. ಫಿಲೇರಸ್ ಟೋಗಾದ ಮಡಿಕೆಯನ್ನು ಹಿಂದಿನಿಂದ ಎಳೆದು ತಲೆಯ ಮೇಲೆ ಹೊದ್ದುಕೊಂಡ. ಬಲಿ ಕೊಡುವವನ ತಲೆ ಮುಚ್ಚಿರಬೇಕು, ಅಪಶಕುನ ಕಣ್ಣಿಗೆ ಬೀಳಬಾರದೆಂದು. ಪಕ್ಕದಲ್ಲಿ ಜೋಡಿ ಕೊಳಲಿನವನು ಊದತೊಡಗಿದ, ಅಪಶಬ್ದ ಕಿವಿಗೆ ಬೀಳಬಾರದೆಂದು. ನಮ್ಮ ಹಿರಿಯರು ಎಷ್ಟು ಬುದ್ಧಿವಂತರು ನೋಡಿ, ದೇವರ ಮುಂದೆ ನಿಂತವನನ್ನು ಕುರುಡನನ್ನಾಗಿಯೂ ಕಿವುಡನನ್ನಾಗಿಯೂ ಮಾಡಿದರು. ಸೂತಕದ ಮನೆಯವನು ಬಲಿಪೀಠ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಬಲಿಯೂ ಹಾಳು, ಊರಿಗೂ ಕೇಡು. ಆದರೆ ಸಾವಿನ ಸುದ್ದಿ ಕಿವಿಗೆ ಬಿದ್ದು, ಹೌದೆಂದು ತಲೆಬಾಗಿದ ಮೇಲೆಯೇ ಸೂತಕ. ಅಲ್ಲಿಯವರೆಗೆ ಇಲ್ಲ. ಇದನ್ನು ಊರಿನಲ್ಲಿ ಮಕ್ಕಳೂ ಬಲ್ಲರು.

ಮಂತ್ರ ಹೇಳಿಕೊಡುವ ಮುದುಕ ಒಂದೊಂದೇ ತುಂಡು ಹೇಳುತ್ತಿದ್ದ, ಫಿಲೇರಸ್ ಅದನ್ನು ಗಟ್ಟಿಯಾಗಿ ಮತ್ತೆ ಹೇಳುತ್ತಿದ್ದ. ಧೂಪ ಹಾಕಿದ. ವೈನ್ ಎರೆದ. ಹೋರಿಗರುವಿನ ಹಣೆಗೆ ಉಪ್ಪುಹಿಟ್ಟು ಉದುರಿಸಿದ. ಅಂಚಿನ ನೇರಳೆ ಬಣ್ಣ ತನ್ನ ಮಣಿಕಟ್ಟಿನ ಹತ್ತಿರ ಬಿಸಿಲಿಗೆ ಹೊಳೆಯುವುದು ಕಂಡು ಮನಸ್ಸಿನ ಒಂದು ಮೂಲೆ ಹಿಗ್ಗಿತು. ಪಕ್ಕದ ಮನೆಯ ಬಣ್ಣಗಾರ ಸೂರ ಹಾಕಿಕೊಟ್ಟ ಬಣ್ಣ ಅದು. "ಅಣ್ಣಾ, ಇಂಥ ಅಂಚು ಮಾಕೆರನ ಮನೇಲೂ ಇಲ್ಲ" ಎಂದಿದ್ದ. ಅವನು ಬಣ್ಣ ಹಾಕುವಾಗ ಮಗಳು ದಿನವೂ ಅಲ್ಲಿಗೆ ಹೋಗಿ, ತೊಟ್ಟಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಕೂತು ನೋಡುತ್ತಿದ್ದಳಂತೆ. ನಮ್ಮಪ್ಪ ಇದನ್ನು ಉಟ್ಕೊಂಡರೆ ರಾಜನ ಹಾಗೆ ಕಾಣ್ತಾರೆ ಅಲ್ವಾ ಮಾಮಾ, ಎಂದಳಂತೆ. ಒಂದೇ ಸಲ ಮುಟ್ಟುತ್ತೇನೆ ಎಂದಳು. ಮುಟ್ಟಿದ್ದರೆ ಏನಾಗುತ್ತಿತ್ತು? ಒಂದು ಬೆರಳಿನ ಕಲೆ. ದೇವರು ಬೆರಳಿನ ಕಲೆ ನೋಡಿ ಬಲಿ ಒಲ್ಲೆ ಎನ್ನುತ್ತಿದ್ದನೇ? ಇಲ್ಲ. ಮಾಕೆರ್ ನೋಡಿ ನಗುತ್ತಿದ್ದ, ಅಷ್ಟೇ.

ಆಗ ಕಂಬಗಳ ನೆರಳಿನಿಂದ ಒಬ್ಬ ಓಡಿ ಬರುವುದು ಬಟ್ಟೆಯ ಸಂದಿಯಿಂದ ಕಂಡಿತು. ಅಷ್ಟೊಂದು ಬಿಳಿಯ ನಡುವೆ ಕಪ್ಪು ಬಟ್ಟೆ. ಸೂರ. ಹಬ್ಬ ಹರಿದಿನಗಳಲ್ಲಿ ಊರಿಗೆಲ್ಲ ಹೆಚ್ಚು ಬೆಳ್ಳಗೆ ಉಡುವವನು, ಅದೇ ಅವನ ಜಂಬ. ಕಪ್ಪು ಉಡುವುದು ಸಾವಿನ ಮನೆಯವರು, ಸಾವಿನ ಮನೆಯಿಂದ ಬಂದವರು. ಸೂರ ಕೈ ಎತ್ತಿದ. ಬಾಯಿ ತೆರೆದ. ಫಿಲೇರಸನ ಬಾಯಲ್ಲಿದ್ದ ಮಂತ್ರದ ಮಾತು ಜಾರಿತು. ಒಂದು ಪದ ಬಿಟ್ಟು ಮುಂದಿನ ಪದ ಬಂತು.

ಮುದುಕ ಕೈ ಅಡ್ಡ ಹಿಡಿದ. "ಮಾತು ತಪ್ತು. ಮೊದಲಿಂದ."

ಹಾಗೆಯೇ ಪದ್ಧತಿ. ಒಂದು ಪದ ತಪ್ಪಿದರೂ ಎಲ್ಲ ಮತ್ತೆ ಮೊದಲಿನಿಂದ. ಬೆಂಕಿ ಹೊಸದು, ನೀರು ಹೊಸದು, ಕೈ ಮತ್ತೆ ತೊಳೆಯಬೇಕು. ಜನರಲ್ಲಿ ಗುಸುಗುಸು ಎದ್ದಿತು. ಮಾಕೆರ್ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಪಕ್ಕದವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಬೆಂಕಿ ಹೊತ್ತಿಸುವಷ್ಟು ಹೊತ್ತು ಕೊಳಲೂ ನಿಂತಿತ್ತು. ಆ ಹೊತ್ತು ಇತ್ತು. ಆಮೇಲೆ ಎಷ್ಟು ಸಲ ಯೋಚಿಸಿದರೂ ಆ ಹೊತ್ತು ಇದ್ದೇ ಇತ್ತು. ಹೋಗಿ, ಏನು ಸೂರಾ ಎಂದು ಕೇಳಬಹುದಾಗಿತ್ತು. ಸೂರ ಜನರನ್ನು ತಳ್ಳಿಕೊಂಡು, ಬಲಿಪೀಠದ ಸುತ್ತ ಕಟ್ಟಿದ್ದ ಹಗ್ಗದವರೆಗೆ ಬಂದುಬಿಟ್ಟಿದ್ದ. "ಅಣ್ಣಾ!" ಎಂದ. "ಅಣ್ಣಾ, ಇಲ್ಲಿ!"

ಹೋದಳು, ಎಂದುಕೊಂಡ ಫಿಲೇರಸ್. ಅಷ್ಟೇ, ಹೋದಳು. ಯಜಮಾನಿತಿ ಸತ್ತ ದಿನ ನೆನಪಾಯಿತು, ಯಾಕೆ ಅದು ನೆನಪಾಯಿತೋ: ಉಸಿರು ನಿಂತ ಮೇಲೂ ಯಾರೂ ಅಳಲಿಲ್ಲ, ಮಾಕೆರ್ ಬಗ್ಗಿ ತಾಯಿಯ ಹೆಸರು ಹಿಡಿದು ಕರೆದ, ಮತ್ತೆ ಕರೆದ, ಮತ್ತೂ ಕರೆದ. ಹತ್ತಿರದವರು ಹೆಸರು ಹಿಡಿದು ಕರೆದು, ಓಗೊಡದೆ ಹೋದರೆ ಮಾತ್ರ ಸತ್ತಂತೆ. ಅಲ್ಲಿಯವರೆಗೆ ಮನೆಯಲ್ಲಿ ಅಳುವ ಹಾಗಿಲ್ಲ. ಸೂರನ ಬಾಯಿ ಮತ್ತೆ ತೆರೆಯುತ್ತಿತ್ತು. ಇನ್ನೊಂದು ಮಾತು ಆಡಿದರೆ ಅದು ಕಿವಿಗೆ ಬೀಳುತ್ತದೆ. ಬಿದ್ದರೆ ಅವಳು ಸತ್ತಳು. ಬೀಳದಿದ್ದರೆ ಇನ್ನೂ ಇದ್ದಾಳೆ, ಈ ಬಲಿ ಮುಗಿಯುವವರೆಗಾದರೂ ಇದ್ದಾಳೆ. ಇದು ಅವನ ಯೋಚನೆಯಲ್ಲಿ ಅರ್ಧ. ಉಳಿದರ್ಧ ಅವನಿಗೆ ಗೊತ್ತಿತ್ತು, ಗೊತ್ತಿಲ್ಲವೆಂದು ಯಾವ ಬಾಯಿಂದ ಹೇಳಲಿ: ಅಂಚಿನ ಟೋಗಾ, ಎದುರಿಗೆ ಮಾಕೆರ್, ಒಂದು ಸಲ ಆಗಲೇ ತಪ್ಪಿದೆ. ಗುಲಾಮನ ಬಾಯಿಗೆ ಮಂತ್ರ ಹೊರಳುವುದಿಲ್ಲ ಎಂದು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಅವನು ಕೊಳಲಿನವನ ಕಡೆ ತಿರುಗಿದ. "ಊದು."

"ಬೆಂಕಿ ಇನ್ನೂ ಹತ್ತಿಲ್ಲ ಸ್ವಾಮಿ."

"ಊದು ಅಂದೆ. ಜೋರಾಗಿ ಊದು."

ಕೊಳಲಿನವನು ಕೆನ್ನೆ ಉಬ್ಬಿಸಿ ಊದಿದ. ಫಿಲೇರಸ್ ಬಟ್ಟೆಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಹಗ್ಗದ ಆಚೆ ಸೂರನ ತುಟಿಗಳು ಆಡುತ್ತಲೇ ಇದ್ದವು, ಕೈಗಳು ಬಾ ಬಾ ಎನ್ನುತ್ತಿದ್ದವು. ಒಂದೂ ಕೇಳಿಸಲಿಲ್ಲ. ದಂಡ ಹಿಡಿದವನೊಬ್ಬ ಬಂದು ಕಪ್ಪು ಬಟ್ಟೆಯವನನ್ನು ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದ.

ಎರಡನೆಯ ಸಲ ಬಲಿ ಕಟ್ಟುನಿಟ್ಟಾಗಿ ನಡೆಯಿತು. ಹೋರಿಗರು ಕಾಲು ಝಾಡಿಸಲಿಲ್ಲ, ತಲೆ ತಗ್ಗಿಸಿಕೊಂಡೇ ಬಂತು. ಕರುಳು ನೋಡುವವನು ಪಿತ್ತಕೋಶವನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡಿ, ಒಂದು ಕಲೆಯೂ ಇಲ್ಲ, ದೇವತೆಗಳು ಸಂತೋಷವಾಗಿದ್ದಾರೆ ಎಂದ. ಸಂತೋಷವಾಗಿದ್ದಾರಂತೆ! ಫಿಲೇರಸ್ ತಲೆಯ ಬಟ್ಟೆ ಸರಿಸಿದಾಗ ಚೌಕದಲ್ಲಿ ಕಪ್ಪು ಎಲ್ಲೂ ಇರಲಿಲ್ಲ. ಬೆಂಚು ಹಾಕಿ ಮಾಂಸ ಹಂಚಿದರು, ಜೇನುರೊಟ್ಟಿ ಹಂಚಿದರು. ಅವನು ಕೂತ. ಪೂಜಾರಿ ಏಳುವ ಹಾಗಿಲ್ಲ ಎಂದಲ್ಲ, ಎದ್ದರೆ ಎಲ್ಲಿಗೆ ಹೋಗಬೇಕು? ಸತ್ತವರಿಗೆ ಅವಸರವಿಲ್ಲ, ಎಂದುಕೊಂಡ. ಇಲ್ಲಿ ಕೂತಿರುವಷ್ಟು ಹೊತ್ತೂ ಮನೆಯಲ್ಲಿ ಜ್ವರ ಬಿಟ್ಟ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕೂತು ಗಂಜಿ ಬೇಡವೆಂದು ಹಟ ಮಾಡುತ್ತಿದ್ದಾಳೆ. ಮಾಂಸವನ್ನು ಬಾಯಿಗೆ ಇಟ್ಟುಕೊಂಡ. ಅಗಿಯುತ್ತಲೇ ಇದ್ದ.

ಮಾಕೆರ್ ಬಟ್ಟಲು ಹಿಡಿದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟ. "ಪರವಾಗಿಲ್ಲ ಕಣೋ. ಎರಡನೇ ಸಲ ಒಂದಕ್ಷರ ಅತ್ತಿತ್ತ ಆಗಲಿಲ್ಲ. ಅಪ್ಪ ಇದ್ದಿದ್ರೆ ಮೆಚ್ಕೋತಿದ್ರು."

ಆ ಕ್ಷಣ ಫಿಲೇರಸನಿಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಎದೆಯೊಳಗೆ ಬೆಚ್ಚಗೆ ಏನೋ ಹರಡಿತು, ಕಣ್ಣು ತುಂಬಿತು, "ಎಲ್ಲಾ ನಿಮ್ಮ ಮನೆ ಅನ್ನ, ಧಣಿ" ಎಂದು ಬಾಯಿ ತಾನಾಗಿ ಹೇಳಿತು. ಹೇಳಿದ ಮೇಲೆ ತನ್ನ ನಾಲಿಗೆ ಕಿತ್ತು ಆ ಬೆಂಕಿಗೆ ಹಾಕಬೇಕೆನ್ನಿಸಿತು. ಮಗಳು ಸತ್ತಿದ್ದಾಳೆ ಎಂದು ಗೊತ್ತಿದ್ದೂ ಧಣಿಯ ಒಂದು ಮಾತಿಗೆ ಬಾಲ ಅಲ್ಲಾಡಿಸಿದೆಯಲ್ಲೋ. ಬಿಡುಗಡೆ ಎಂಬುದು ಯಾವ ಅಂಗದಲ್ಲಿ ಆಗುತ್ತದೋ, ಅವನಿಗೆ ಅಂತೂ ಆಗಿರಲಿಲ್ಲ.

ಬಿಸಿಲು ಇಳಿಯುವಾಗ ಒಬ್ಬನೇ ಹೊರಟ. ಬಂದರಿನ ಬೀದಿಯಲ್ಲಿ ಬಲೆ ಒಣಹಾಕಿದ್ದವರು ಎದ್ದು ನಿಂತು ದಾರಿ ಬಿಟ್ಟರು. ಒಬ್ಬ ಮುದುಕಿ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವನು ತಡೆಯಲಿಲ್ಲ. ಯಾರೋ ಮುಟ್ಟಬಹುದು, ಮಗಳು ಮುಟ್ಟಬಾರದಿತ್ತು, ನೋಡು. ಸೂರನ ತೊಟ್ಟಿಗಳ ನಾತ ಬರತೊಡಗಿತು. ಇನ್ನು ತಿರುವು, ತಿರುವಿನಾಚೆ ಮನೆ. ಸಾವಾದ ಮನೆಯ ಬಾಗಿಲಿಗೆ ಸೈಪ್ರಸ್ ಮರದ ಕೊಂಬೆ ಕಟ್ಟಿರುತ್ತಾರೆ, ಒಳಗೆ ಬಂದವನು ತಿಳಿಯದೆ ಮೈಲಿಗೆಯಾಗದಿರಲೆಂದು. ತಿರುವಿನಲ್ಲಿ ಅವನು ನಿಂತ. ಗೋಡೆ ಹಿಡಿದುಕೊಂಡ. ನೋಡಿದ.

ಕೊಂಬೆ ಇರಲಿಲ್ಲ.

ಮತ್ತೆ ನೋಡಿದ. ಬಾಗಿಲ ಎರಡೂ ಪಕ್ಕ ಬರಿದಾಗಿತ್ತು. ಅಳುವ ದನಿಯೂ ಇಲ್ಲ. ಅಯ್ಯೋ ದೇವರೇ, ಇದ್ದಾಳೆ! ಸೂರ ಬಂದದ್ದು ಇನ್ನೇನಕ್ಕೋ, ಅವನು ಮೈಮೇಲಿನ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದಾನೆ, ತೊಟ್ಟಿಯ ಕಪ್ಪು ಅದು, ಸಾವಿನ ಕಪ್ಪಲ್ಲ. ಎಂಥ ಮುಠ್ಠಾಳ ನಾನು! ಕಾಲುಗಳು ತಾವಾಗಿ ಓಡಿದವು. ಆ ವಯಸ್ಸಿನಲ್ಲಿ, ಆ ಟೋಗಾದಲ್ಲಿ, ಬೀದಿಯಲ್ಲಿ ಓಡಿದ. ಕೊಡುತ್ತೇನೆ, ಇಡೀ ಅಂಚನ್ನು ಕೊಡುತ್ತೇನೆ, ಜೇನು ಮೆತ್ತಿದ ಕೈ ಒರೆಸಿಕೊಳ್ಳಲಿ, ಮೂಗು ಒರೆಸಿಕೊಳ್ಳಲಿ. ಪೀಕ ಎಂದೇ ಕರೆಯುತ್ತೇನೆ, ಬೀದಿಗೆಲ್ಲ ಕೇಳುವ ಹಾಗೆ ಕರೆಯುತ್ತೇನೆ, ಮಾಕೆರ್ ನಗಲಿ, ಊರೇ ನಗಲಿ.

ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಸೂರ ಕೂತಿದ್ದ. ಅದೇ ಕಪ್ಪು ಬಟ್ಟೆ. ಕಾಲ ಬಳಿ ನೆಲದಲ್ಲಿ, ಬೀದಿಯವರಿಗೆ ಕಾಣದ ಹಾಗೆ ಗೋಣಿಯಡಿಯಲ್ಲಿ, ಒಂದು ಹಸಿರು ಕೊಂಬೆ ಇತ್ತು. ಅವನು ಏಳಲಿಲ್ಲ.

"ಕಟ್ಟಬೇಡ ಅಂದ್ರು ಅಕ್ಕ" ಎಂದ. "ನಿಮ್ಮ ಕೆಲಸ ಮುಗಿಯೋ ತನಕ ಮನೆ ಮೈಲಿಗೆ ಆಗಬಾರದು ಅಂತ."

"ಯಾವಾಗ?"

"ಹೊತ್ತು ನೆತ್ತಿ ದಾಟಿದ ಮೇಲೆ."

ಫಿಲೇರಸನಿಗೆ ಮೊದಲು ಅರ್ಥವಾಗಲಿಲ್ಲ. ಸೂರ ಚೌಕಕ್ಕೆ ಬಂದದ್ದು ಹೊತ್ತು ಏರುವಾಗ. "ನೀನು ಬಂದಾಗ..."

"ಬಂದಾಗ ಇದ್ಳು ಅಣ್ಣಾ. ಮಾತಾಡ್ತಿದ್ಳು. ಕರೀತಿದ್ಳು ನಿಮ್ಮನ್ನ. ಅಪ್ಪ ಬರಲಿ, ಅಪ್ಪ ಬರಲಿ ಅಂತ ಒಂದೇ ಸಮ. ಅಕ್ಕ ಕೂಗಿದ್ದೇ ತೊಟ್ಟಿಯಿಂದ ಹಾಗೇ ಎದ್ದು ಓಡಿ ಬಂದೆ." ಸೂರ ತನ್ನ ಕಪ್ಪಾದ ಬೆರಳುಗಳನ್ನು ನೋಡಿಕೊಂಡ. "ನೀವು ನನ್ನ ನೋಡಿದ್ರಿ."

ಅದು ಪ್ರಶ್ನೆ ಅಲ್ಲ.

"ಅಕ್ಕಂಗೆ ಹೇಳಿದೀನಿ, ಕೊಳಲಿನ ಗದ್ದಲ, ಅಣ್ಣಂಗೆ ಕೇಳಿಸಲಿಲ್ಲ ಅಂತ. ಹಾಗೇ ಇರಲಿ. ಒಳಗೆ ಹೋಗಿ."

ಒಳಗೆ ಒಲೆ ಆರಿತ್ತು. ಮಗಳನ್ನು ಮಂಚದಿಂದ ಇಳಿಸಿ ನೆಲದ ಮೇಲೆ ಮಲಗಿಸಿದ್ದರು, ಹುಟ್ಟಿದ ಕೂಸನ್ನು ಮೊದಲು ನೆಲಕ್ಕಿಡುತ್ತಾರಲ್ಲ, ಹಾಗೆ. ಕಣ್ಣು ಮುಚ್ಚಿರಲಿಲ್ಲ. ಅವು ಬಾಗಿಲ ಕಡೆಗೇ ಇದ್ದವು. ಹೆಲ್ಪಿಸ್ ತಲೆಯ ಹತ್ತಿರ ಕೂತಿದ್ದಳು, ಕೂದಲು ಬಿಚ್ಚಿರಲಿಲ್ಲ, ಮುಖ ಒಣಗಿತ್ತು. ಮೇಲುವಸ್ತ್ರದ ಚುಂಗು ಒದ್ದೆಯಾಗಿ ಹಲ್ಲಿನ ಗುರುತುಗಳಿಂದ ನುಗ್ಗಾಗಿತ್ತು.

"ಆಯ್ತಾ?" ಎಂದಳು. "ಚೆನ್ನಾಗಿ ಆಯ್ತಾ?"

"ಹೂಂ."

"ಅಳಲಿಲ್ಲ ನಾನು. ಕರೀಲೂ ಇಲ್ಲ. ಅತ್ತರೆ ಸೂತಕ ಆಗ್ಬಿಡುತ್ತಲ್ಲ, ಪಾಪ ಇಷ್ಟು ವರ್ಷ ಕಾದ ದಿನ ಅವರಿಗೆ ಅಂತ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತೆ. ಅವಳ ಕಣ್ಣೂ ಮುಚ್ಚಲಿಲ್ಲ. ಅದು ನಿಮ್ಮ ಕೆಲಸ." ಹುಡುಗಿಯ ಹಣೆಯ ಕೂದಲನ್ನು ಹಿಂದೆ ಸರಿಸಿದಳು. "ಕೊನೇ ಉಸಿರು ಮಾತ್ರ ಬಾಯಿಗೆ ಬಾಯಿಟ್ಟು ನಾನೇ ತಗೊಂಡೆ. ಅದು ಕಾಯಲಿಲ್ಲ. ನಿಮಗೆ ಅಂತಲೇ ಎಷ್ಟೋ ಹೊತ್ತು ತಡೆದಳು ಕಣ್ರೀ. ಅಪ್ಪ ಬಂದ್ಮೇಲೆ ಅಂಚು ಮುಟ್ಟಿಸ್ತೀನಿ ಅಂದಿದಾರೆ, ಅಪ್ಪ ಸುಳ್ಳು ಹೇಳಲ್ಲ ಅಂದ್ಳು. ಕೊಳಲಿಂದಾಗಿ ಕೇಳಿಸಲಿಲ್ಲವಂತೆ ಅಲ್ವಾ?"

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಬೆಳಿಗ್ಗೆ ಅವನು ಹಿಂದೆ ಸರಿದಾಗ ನೋಡಿದ್ದಳಲ್ಲ, ಅದೇ ನೋಟ. ಹೇಳಿಬಿಡು, ಎಂದಿತು ಒಳಗೆ. ಊದು ಅಂದವನು ನಾನೇ ಎಂದು ಹೇಳಿಬಿಡು, ಇಲ್ಲೇ, ಮಗಳ ಕಣ್ಣು ತೆರೆದಿರುವಾಗಲೇ.

"ಹೂಂ," ಎಂದ. "ಕೇಳಿಸಲಿಲ್ಲ."

ಮೊಣಕಾಲೂರಿ ಕೂತ. ಟೋಗಾದ ಅಂಚನ್ನು ಎಳೆದು ಆ ಕೈಯೊಳಗೆ ಇಟ್ಟ. ಬೆರಳುಗಳಿಗೆ ಇನ್ನೂ ಜೇನಿನ ಅಂಟು ಇತ್ತು, ಬಟ್ಟೆ ಹಿಡಿದುಕೊಂಡಿತು, ಬೆರಳು ಹಿಡಿಯಲಿಲ್ಲ. ಹೆಲ್ಪಿಸ್ ಕಾಯುತ್ತಿದ್ದಳು. ಅವನು ಕರೆಯಬೇಕು, ಹುಡುಗಿ ಓಗೊಡಬಾರದು, ಆಮೇಲೆ ತಾನು ಅಳಬಹುದು. ಮಧ್ಯಾಹ್ನದಿಂದ ಆ ಒಂದಕ್ಕಾಗಿ ಕೂತಿದ್ದಳು.

"ಒಫಿಲ್ಲಿಯಾ" ಎಂದು ಕರೆದ.

ಸದ್ದಿಲ್ಲ.

"ಒಫಿಲ್ಲಿಯಾ."

ಸದ್ದಿಲ್ಲ. ಅವನ ಎದೆಯಲ್ಲಿ ಒಂದು ವಿಚಿತ್ರ ಧೈರ್ಯ ಮೂಡಿತು. ಈ ಹೆಸರಿಗೆ ಅವಳು ಯಾವತ್ತು ಓಗೊಟ್ಟಿದ್ದಾಳೆ? ಜಾಡಿಯ ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಗಲೂ ಹೀಗೇ ಇತ್ತಲ್ಲ ಮನೆ? ಈ ಹೆಸರಿಗೆ ಓ ಎನ್ನದಿದ್ದರೆ ಅದು ಸಾವಲ್ಲ, ಹಟ. ಹಟಮಾರಿ, ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. "ಒಫಿಲ್ಲಿಯಾ" ಎಂದ ಮತ್ತೆ, ಗಟ್ಟಿಯಾಗಿ, ಮತ್ತೂ ಗಟ್ಟಿಯಾಗಿ. ಹೊರಗೆ ಸೂರ ಎದ್ದು ನಿಂತದ್ದು ಕೇಳಿಸಿತು. ಎಷ್ಟು ಸಲ ಬೇಕಾದರೂ ಕರೆಯುತ್ತೇನೆ, ಕತ್ತಲಾಗುವವರೆಗೆ ಕರೆಯುತ್ತೇನೆ, ನಾಳೆಯೂ ಕರೆಯುತ್ತೇನೆ. ಕರೆಯುತ್ತಿರುವವರೆಗೆ ಏನೂ ಮುಗಿದಿಲ್ಲ.

ಹೆಲ್ಪಿಸ್ ಅವನ ಮಣಿಕಟ್ಟು ಹಿಡಿದಳು. ಮೆಲ್ಲಗೆ ಹೇಳಿದಳು, ಒಲೆಯ ಮುಂದಿನಿಂದ ಹೇಳುತ್ತಿದ್ದಳಲ್ಲ, ಅದೇ ಮಾತು. "ಸರಿಯಾದ ಹೆಸರು ಹಿಡಿದು ಕರೀರಿ."

"ಬೇಡ ಕಣೇ."

"ಕರೀರಿ. ನನ್ನ ಕೈಲಿ ಇನ್ನು ತಡೆಯೋಕಾಗಲ್ಲ."

ಅವನು ಬಗ್ಗಿದ. ಕತ್ತಿನ ಸುತ್ತ ಉಳಿದಿದ್ದ ಬಟ್ಟೆ ಪೂರ್ತಿ ಸರಿಸಿದ. ಇಷ್ಟು ವರ್ಷ ಆಡದ ಹೆಸರು ಬಾಯಿಗೆ ಸಿಗಲಿಲ್ಲ, ಗಂಟಲಲ್ಲಿ ಹುಡುಕಬೇಕಾಯಿತು. ಮಗಳ ಕಿವಿಯ ಹತ್ತಿರ ತುಟಿ ತಂದು, ಅಂಗಡಿಯಿಂದ ಹಿತ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ ಕರೆದ.

"ಪೀಕಾ!"

ಕಾದ. ಮನೆಯಲ್ಲಿ ಕೊಳಲಿರಲಿಲ್ಲ, ಏನಿದ್ದರೂ ಕೇಳಿಸುತ್ತಿತ್ತು. ಹಿತ್ತಲಲ್ಲಿ ನೀರಿನ ಗಡಿಗೆ ತೊಟ್ಟಿಕ್ಕುವುದು ಕೇಳಿಸಿತು. ದೂರದಲ್ಲಿ ಸಮುದ್ರ ಕೇಳಿಸಿತು. ತನ್ನ ಉಸಿರು ಕೇಳಿಸಿತು.

ಹೆಲ್ಪಿಸ್ ಕೂದಲು ಬಿಚ್ಚಿದಳು. ಅವಳ ಮೊದಲ ಕೂಗು ಹೊರಬಿದ್ದಾಗ, ಬಾಗಿಲಲ್ಲಿ ಸೂರ ಗೋಣಿಯಡಿಯಿಂದ ಕೊಂಬೆ ತೆಗೆದು ಕಟ್ಟತೊಡಗಿದ.